ಕರೆಂಟಿಗೆ 41 ಮೀಟರ್, ನೀರಿಗೆ ಒಂದೇ: ಕಾರ್ಖಾನೆಯ ಕುಡಿಯುವ ನೀರಿನ ಬಗ್ಗೆ ಒಂದು ಬಹಿರಂಗ ಪತ್ರ

ಮಾನ್ಯ ಕೈಗಾರಿಕಾ ಸಚಿವರಿಗೆ, ಮಾನ್ಯ ನಗರಾಭಿವೃದ್ಧಿ ಸಚಿವರಿಗೆ, ಮತ್ತು ರಾಜ್ಯದಲ್ಲಿ ಕಾರ್ಖಾನೆಗಳಿಗೆ ನೀರಿನ ಬಿಲ್ ಬರೆಯುವ ಎಲ್ಲ ಕಚೇರಿಗಳವರಿಗೆ,

ನಮಸ್ಕಾರ.

ನಾನು ಕೆಲಸ ಮಾಡುವ ಕಾರ್ಖಾನೆಯಲ್ಲಿ ಕರೆಂಟಿಗೆ 41 ಮೀಟರ್ ಇವೆ. ನೀರಿಗೆ ಇದ್ದದ್ದು ಒಂದೇ ಒಂದು.

ಕರೆಂಟಿನ ಮೀಟರ್‌ಗಳು ಎಸಿ ರೂಮಿನಲ್ಲಿ, ಗಾಜಿನ ಬಾಗಿಲ ಹಿಂದೆ ಮಿಣಮಿಣ ಅನ್ನುತ್ತ ಕೂತಿವೆ. ಯಾವ ಮಷೀನು ಯಾವ ಶಿಫ್ಟಿನಲ್ಲಿ ಎಷ್ಟು ಯೂನಿಟ್ ತಿಂದಿತು ಅಂತ ಕೇಳಿ, ಎರಡು ನಿಮಿಷದಲ್ಲಿ ಹೇಳುತ್ತೇನೆ. ನೀರಿನ ಮೀಟರ್ ಇರುವುದು ಗೇಟಿನ ಪಕ್ಕದ ಗುಂಡಿಯಲ್ಲಿ. ಮೇಲೊಂದು ಕಡಪ ಕಲ್ಲು. ಅದನ್ನು ಎತ್ತಲು ಒಂದು ಹಾರೆ, ಇಬ್ಬರು ಆಳು ಬೇಕು. ಎತ್ತಿದರೆ ಒಳಗೆ ಕೆಸರು, ಕಪ್ಪೆ, ಯಾರೋ ಎಸೆದ ಗುಟ್ಕಾ ಪ್ಯಾಕೆಟ್ಟು. ಮೀಟರಿನ ಗಾಜಿಗೆ ಒಳಗಡೆಯಿಂದ ಹನಿ ಕಟ್ಟಿರುತ್ತದೆ. ಮೊಬೈಲ್ ಟಾರ್ಚ್ ಹಿಡಿದು, ಮಂಡಿಯೂರಿ, ಓರೆಯಾಗಿ ನೋಡಿದರೆ ಅಂಕಿ ಕಾಣುತ್ತದೆ. ಕೊನೆಯ ಎರಡು ಅಂಕಿ ಊಹೆ.

27 ವರ್ಷದಿಂದ ಮೇಂಟೆನೆನ್ಸ್ ವಿಭಾಗದಲ್ಲಿದ್ದೇನೆ. ಇನ್ನೂ ಸರ್ವಿಸ್ ಉಳಿದಿದೆ, ಹಾಗಾಗಿ ಕಾರ್ಖಾನೆಯ ಹೆಸರು ಹೇಳುವುದಿಲ್ಲ. ಊರಿನ ಹೆಸರೂ ಬೇಡ. ನಮ್ಮದು ಬೆಂಗಳೂರಲ್ಲ, ಒಂದು ಜಿಲ್ಲಾ ಕೇಂದ್ರದ ಪಕ್ಕದ ಕೈಗಾರಿಕಾ ಪ್ರದೇಶ. ಅಲ್ಲಿಗೆ ನೀರು ಕೊಡುವ ಕಚೇರಿಯ ಮೇಲೆ ದೂರು ಹೇಳುವುದಕ್ಕಂತೂ ಈ ಪತ್ರ ಬರೆಯುತ್ತಿಲ್ಲ. ತಪ್ಪು ಮಾಡಿದವರ ಪಟ್ಟಿಯಲ್ಲಿ ನನ್ನ ಹೆಸರು ಮೊದಲೇ ಬರುತ್ತದೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷದ ಹಿಂದೆ ಆ ಗುಂಡಿಯೊಳಗಿನ ಮೀಟರ್ ನಿಂತುಹೋಯಿತು. ಮುಳ್ಳು ಅಲ್ಲಾಡುವುದಿಲ್ಲ. ತಿಂಗಳಿಗೊಮ್ಮೆ ಬರುವ ರೀಡರ್ ಹುಡುಗ ನೋಡಿದ, ನಾನೂ ನೋಡಿದೆ. 'ಸಾರ್, ಆವರೇಜ್ ಹಾಕ್ತೀನಿ' ಅಂದ. 'ಹಾಕಪ್ಪ' ಅಂದೆ. ಹಳೆಯ ಮೂರು ತಿಂಗಳ ಸರಾಸರಿಯ ಮೇಲೆ ಬಿಲ್ ಬರತೊಡಗಿತು. ಆ ಮೂರು ತಿಂಗಳಲ್ಲಿ ನಮಗೆ ಆರ್ಡರ್ ಕಡಿಮೆ ಇತ್ತು, ಒಂದೇ ಶಿಫ್ಟು. ಆಮೇಲೆ ಎರಡು ಶಿಫ್ಟಾಯಿತು. ನೀರು ಜಾಸ್ತಿ ಹೋಯಿತು, ಬಿಲ್ ಮಾತ್ರ ಅಷ್ಟೇ. ಏಳು ತಿಂಗಳು ಹೀಗೇ ನಡೆಯಿತು. ನಮಗೆ ಲಾಭ, ರೀಡರ್‌ಗೆ ಕಲ್ಲು ಎತ್ತುವ ಕೆಲಸ ಉಳಿತಾಯ, ಕಚೇರಿಗೆ ಹೊಸ ಮೀಟರ್ ತರಿಸುವ ರಗಳೆ ಇಲ್ಲ. ಮೂರೂ ಕಡೆಯವರಿಗೆ ಅನುಕೂಲವಾದ ಮೇಲೆ ಯಾರು ದೂರು ಕೊಡುತ್ತಾರೆ ಹೇಳಿ?

ಎಂಟನೇ ತಿಂಗಳು ಹೊಸ ಮೀಟರ್ ಬಂತು. ಬಿಲ್ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ನಮ್ಮ ಅಕೌಂಟ್ಸ್‌ನವರು ಹೌಹಾರಿ, ಹೊಸ ಮೀಟರ್ ಕೆಟ್ಟಿದೆ ಅಂತ ಅರ್ಜಿ ಬರೆಸಿದರು. ಅದು ಕೆಟ್ಟಿಲ್ಲ ಅಂತ ನನಗೆ ಗೊತ್ತಿತ್ತು. ಆದರೂ ಅರ್ಜಿಗೆ ಸಹಿ ಹಾಕಿದೆ.

ಆಮೇಲೆ 'ನೀರು ಉಳಿಸಿ' ಅಂತ ಮೇಲಿನಿಂದ ಸರ್ಕ್ಯುಲರ್ ಬಂತು. ಎಲ್ಲಿ ಉಳಿಸಬೇಕು? ಎಲ್ಲಿ ಹೋಗುತ್ತಿದೆ ಅಂತ ಗೊತ್ತಿದ್ದರೆ ತಾನೇ! ಗೊತ್ತಿಲ್ಲದಿದ್ದಾಗ ಕಣ್ಣಿಗೆ ಕಾಣುವ ನಲ್ಲಿಯ ಮೇಲೇ ಕೈ ಹೋಗುತ್ತದೆ. ಅಸೆಂಬ್ಲಿ ವಿಭಾಗದ ಪಕ್ಕದ ಕೈತೊಳೆಯುವ ನಲ್ಲಿಗಳಲ್ಲಿ ಅರ್ಧಕ್ಕೆ ಬಿರಡೆ ಹಾಕಿದೆವು. ಊಟದ ಸಮಯ ಬಿಟ್ಟು ಒಂದು ಕಡೆಯ ಶೌಚಾಲಯಕ್ಕೆ ನೀರು ಬಂದ್. ತಂಪು ನೀರಿನ ಕೂಲರ್ 'ಸರ್ವಿಸ್‌ಗೆ' ಹೋಯಿತು, ವಾಪಸ್ ಬರಲಿಲ್ಲ.

ಕೂಲರ್ ವಿಷಯದಲ್ಲಿ ಕಾಯಿದೆ ಕೂಡ ನಮ್ಮ ಪರವಾಗಿತ್ತು, ಕೇಳಿ. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯಿದೆಯ 18ನೇ ಸೆಕ್ಷನ್ ಕುಡಿಯುವ ನೀರಿನದು. ಬರೆದವರಿಗೆ ಕಾರ್ಖಾನೆಯ ಒಳಗಿನ ಬದುಕು ಗೊತ್ತಿತ್ತು ಅಂತ ಓದಿದರೆ ಅನ್ನಿಸುತ್ತದೆ. ನೀರಿನ ಜಾಗದಲ್ಲಿ ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿ 'ಕುಡಿಯುವ ನೀರು' ಅಂತ ಬರೆದಿರಬೇಕಿತ್ತು. ಅದರ 6 ಮೀಟರ್ ಒಳಗೆ ತೊಳೆಯುವ ಜಾಗ, ಮೂತ್ರಾಲಯ, ತೆರೆದ ಚರಂಡಿ ಇರುವಂತಿರಲಿಲ್ಲ. 250ಕ್ಕಿಂತ ಹೆಚ್ಚು ಜನ ಇದ್ದರೆ ಬೇಸಿಗೆಯಲ್ಲಿ ತಂಪು ನೀರು ಕೊಡಬೇಕಿತ್ತು. ನಮ್ಮಲ್ಲಿ ಇದ್ದವರು 210 ಜನ. ಹಾಗಾಗಿ ಕೂಲರ್ ಕಡ್ಡಾಯವಲ್ಲ ಅಂತ ನಮ್ಮ ಎಚ್‌ಆರ್‌ನವರು ಲೆಕ್ಕ ಹೇಳಿದರು.

ಒಂದು ವಾರ ಆಗಿರಬೇಕು. ಅಸೆಂಬ್ಲಿಯಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು, ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಖಾಲಿ ಬಾಟಲಿ ಹಿಡಿದುಕೊಂಡು ನನ್ನ ಟೇಬಲ್ ಹತ್ತಿರ ಬಂದರು. ಜಗಳಕ್ಕೆ ಬಂದವರ ಹಾಗೆ ಇರಲಿಲ್ಲ. 'ಸಾರ್, ನಾವು ಕುಡಿಯೋ ನೀರು ಎಷ್ಟು ಅಂತ ಯಾವತ್ತಾದ್ರೂ ಅಳೆದಿದೀರಾ?' ಅಂದರು. 'ಇಲ್ಲಮ್ಮ' ಅಂದೆ. 'ಮತ್ತೆ ಜಾಸ್ತಿ ಆಯ್ತು ಅಂತ ಹೆಂಗೆ ಗೊತ್ತಾಯ್ತು?' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಗೊತ್ತಾಯಿತು, ಶೌಚಾಲಯಕ್ಕೆ ಹೋಗುವುದನ್ನು ತಪ್ಪಿಸಲು ಅವರ ಸಾಲಿನ ಹುಡುಗಿಯರು ಬೆಳಗ್ಗೆಯಿಂದಲೇ ನೀರು ಕುಡಿಯುವುದನ್ನು ಬಿಟ್ಟಿದ್ದರಂತೆ.

ಆ ಶನಿವಾರ ಸ್ಟೋರ್‌ನಿಂದ ಅರ್ಧ ಇಂಚಿನ ಮೀಟರ್ ಒಂದನ್ನು ತರಿಸಿ ಕುಡಿಯುವ ನೀರಿನ ಲೈನಿಗೆ ಹಾಕಿದೆ. ಎರಡು ಸಾವಿರ ರೂಪಾಯಿಯ ಒಳಗೇ ಸಿಕ್ಕಿತು. ಅದನ್ನು ಹಾಕಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಕ್ಯಾಂಟೀನಿಗೆ ಒಂದು, ಶೌಚಾಲಯಕ್ಕೆ ಒಂದು, ಮಷೀನಿನ ಶಾಖ ಹೀರಿದ ನೀರನ್ನು ಗಾಳಿಗೆ ಬಿಟ್ಟು ತಣಿಸುವ ಕೂಲಿಂಗ್ ಟವರಿಗೆ ಒಂದು, ಪೇಂಟ್ ಶಾಪಿನ ತೊಳೆಯುವ ತೊಟ್ಟಿಗೆ ಒಂದು, ಕಚೇರಿಯ ಮುಂದಿನ ಹುಲ್ಲಿಗೆ ಒಂದು ಹಾಕಿಸಿದೆ. ಒಂದು ತಿಂಗಳು ದಿನಾ ಬೆಳಗ್ಗೆ ಆರೂವರೆಗೆ ನಾನೇ ಬರೆದುಕೊಂಡೆ.

ದಿನಕ್ಕೆ ಗೇಟಿನ ಮೀಟರ್ ತೋರಿಸುತ್ತಿದ್ದದ್ದು ಸರಾಸರಿ 42 ಸಾವಿರ ಲೀಟರ್. ಅದರಲ್ಲಿ 210 ಜನ ಕುಡಿದದ್ದು 700 ಲೀಟರ್. ನೂರಕ್ಕೆ ಎರಡೂ ಇಲ್ಲ! ಕ್ಯಾಂಟೀನ್ ಮೂರೂವರೆ ಸಾವಿರ, ಶೌಚಾಲಯ ಮತ್ತು ಕೈತೊಳೆಯುವುದು ಏಳು ಸಾವಿರ. ಪೇಂಟ್ ಶಾಪ್ ಒಂಬತ್ತು ಸಾವಿರ. ಹುಲ್ಲಿಗೆ ಐದು ಸಾವಿರ. ಕೂಲಿಂಗ್ ಟವರ್ 13 ಸಾವಿರ. ಎಲ್ಲ ಕೂಡಿಸಿದರೂ 38 ಸಾವಿರ ಚಿಲ್ಲರೆ. ಉಳಿದ 3,800 ಲೀಟರ್ ಎಲ್ಲಿಗೆ ಹೋಗುತ್ತಿದೆ ಅಂತ ಹುಡುಕುತ್ತ ಹೋದರೆ ಸಂಪಿನ ಬಾಲ್ ಕಾಕ್‌ನಲ್ಲಿ, ಅಂದರೆ ಸಂಪ್ ತುಂಬಿದಾಗ ನೀರು ನಿಲ್ಲಿಸುವ ತೇಲುಗುಂಡಿನ ವಾಲ್ವಿನಲ್ಲಿ, ಸಿಕ್ಕಿತು. ರಬ್ಬರ್ ವಾಷರ್ ಸವೆದಿತ್ತು. ರಾತ್ರಿ ನೀರು ಬಿಟ್ಟಾಗ ಸಂಪ್ ತುಂಬಿ, ಓವರ್‌ಫ್ಲೋ ಪೈಪಿನಿಂದ ಸೀದಾ ಮಳೆ ಚರಂಡಿಗೆ ಹೋಗುತ್ತಿತ್ತು. ಎಷ್ಟು ವರ್ಷದಿಂದಲೋ.

ಅಂದರೆ ದಿನಕ್ಕೆ 700 ಲೀಟರ್ ಕುಡಿಯುವವರ ಕೂಲರ್ ತೆಗೆದು, ಐದು ಸಾವಿರ ಲೀಟರ್ ಹುಲ್ಲಿಗೆ ಬಿಟ್ಟು, ನಾಲ್ಕು ಸಾವಿರ ಚರಂಡಿಗೆ ಹರಿಸುತ್ತ, ನಾವು ನೀರು ಉಳಿಸುತ್ತಿದ್ದೆವು. ಮ್ಯಾನೇಜ್‌ಮೆಂಟಿನವರು ಕೆಟ್ಟವರೇನೂ ಅಲ್ಲ. ಹಾಳೆಯ ಮೇಲೆ ಅಂಕಿ ನೋಡಿದ ಮೇಲೆ ಕೂಲರ್ ಎರಡೇ ದಿನದಲ್ಲಿ ವಾಪಸ್ ಬಂತು. ಹುಲ್ಲಿಗೆ ಎಸ್‌ಟಿಪಿ ನೀರು, ಅಂದರೆ ಶುದ್ಧ ಮಾಡಿದ ಕೊಳಚೆ ನೀರು, ತಿರುಗಿಸಿದೆವು. ಮೊದಲೇ ತಿರುಗಿಸಬಹುದಿತ್ತು, ಪೈಪ್ ಹತ್ತು ಮೀಟರ್ ದೂರದಲ್ಲೇ ಇತ್ತು.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಕಾರ್ಖಾನೆಯ ಒಳಗೆ ನೀರನ್ನು ಬಳಕೆಯ ಪ್ರಕಾರ ಬೇರೆ ಬೇರೆಯಾಗಿ ಅಳೆಯುವ ಕೆಲಸ ಹೊಸದಲ್ಲ. ನಮ್ಮ ದೇಶದಲ್ಲಿ ಅದಕ್ಕೆ ಕಾಯಿದೆಯೇ ಇತ್ತು. ನಿಮ್ಮಲ್ಲಿ ಹಳಬರಿಗೆ ನೆನಪಿರಬಹುದು, 1977ರ ನೀರಿನ ಸೆಸ್ ಕಾಯಿದೆ. ಸೆಸ್ ಅಂದರೆ ಒಂದು ಬಗೆಯ ತೆರಿಗೆ. ಕಾರ್ಖಾನೆಯವರು ಮೀಟರ್ ಹಾಕಲೇಬೇಕು. ಮೀಟರ್ ತೋರಿಸಿದಷ್ಟು ನೀರನ್ನು ಬಳಸಿದ್ದಾರೆ ಅಂತಲೇ ಲೆಕ್ಕ, ಅಲ್ಲ ಅಂತ ಸಾಬೀತಾಗುವ ತನಕ. ನೀರನ್ನು ನಾಲ್ಕು ಬಗೆ ಮಾಡಿದ್ದರು: ತಂಪು ಮಾಡಲು ಮತ್ತು ಬಾಯ್ಲರಿಗೆ, ಮನೆಬಳಕೆಯಂಥ ಬಳಕೆಗೆ, ಕೊಳೆತು ಕರಗಿಹೋಗುವ ಹೊಲಸು ಸೇರುವ ಕೆಲಸಕ್ಕೆ, ಮತ್ತು ಸುಲಭಕ್ಕೆ ಹೋಗದ ವಿಷ ಸೇರುವ ಕೆಲಸಕ್ಕೆ. ನಾಲ್ಕಕ್ಕೂ ನಾಲ್ಕು ದರ. 2003ರ ತಿದ್ದುಪಡಿ ಆದ ಮೇಲೆ ಸಾವಿರ ಲೀಟರಿಗೆ ಕ್ರಮವಾಗಿ 5 ಪೈಸೆ, 2 ಪೈಸೆ, 10 ಪೈಸೆ, 15 ಪೈಸೆ. ನಿಯಮ ಪಾಲಿಸದಿದ್ದರೆ 10, 3, 20, 30 ಪೈಸೆ. ಜನ ಕುಡಿದು ಬಳಸುವ ನೀರಿಗೆ ಎಲ್ಲಕ್ಕಿಂತ ಕಡಿಮೆ ದರ ಅನ್ನುವುದನ್ನು ಗಮನಿಸಿ. ವಿಷ ಸೇರುವ ನೀರಿಗೆ ಎಲ್ಲಕ್ಕಿಂತ ಜಾಸ್ತಿ. ಎಷ್ಟು ಸರಿಯಾದ ಲೆಕ್ಕ, ಅಲ್ವಾ?

ಆದರೆ ಪೈಸೆ! ನಮ್ಮ ಕಾರ್ಖಾನೆಯ 210 ಜನರ ಪೂರ್ತಿ ಬಳಕೆ, ಕ್ಯಾಂಟೀನ್ ಸೇರಿಸಿ, ದಿನಕ್ಕೆ 11 ಸಾವಿರ ಲೀಟರ್ ಅಂದುಕೊಂಡರೂ ಸೆಸ್ 22 ಪೈಸೆ. ತಿಂಗಳಿಗೆ ಏಳು ರೂಪಾಯಿಯೂ ಇಲ್ಲ. ಚೆಕ್ ಬರೆದು ಕಳಿಸುವ ಖರ್ಚು ಅದಕ್ಕಿಂತ ಜಾಸ್ತಿ. ಹಾಗಾಗಿ ಕಟ್ಟುವವರಿಗೂ ಅಸಡ್ಡೆ, ಕಟ್ಟಿಸಿಕೊಳ್ಳುವವರಿಗೂ ಅಸಡ್ಡೆ. ನಾನು ಆ ಫಾರಂ ವರ್ಷಗಟ್ಟಲೆ ತುಂಬಿದ್ದೇನೆ. ಹೇಗೆ ತುಂಬುತ್ತಿದ್ದೆ ಗೊತ್ತಾ? ಭಾರತೀಯ ಮಾನಕದ ಪುಸ್ತಕದಲ್ಲಿ ಕಾರ್ಖಾನೆಯ ಒಬ್ಬ ಕೆಲಸಗಾರನಿಗೆ ದಿನಕ್ಕೆ ಇಷ್ಟು ನೀರು ಅಂತ ಇದೆ, ಸ್ನಾನದ ಮನೆ ಇದ್ದರೆ 45 ಲೀಟರ್, ಇಲ್ಲದಿದ್ದರೆ 30. ಹಾಜರಿ ಪುಸ್ತಕ ನೋಡಿ, ತಲೆಗೆ 45ರಂತೆ ಗುಣಿಸಿ, 'ಮನೆಬಳಕೆ' ಕಾಲಮ್ಮಿನಲ್ಲಿ ಬರೆಯುತ್ತಿದ್ದೆ. ಒಟ್ಟು ರೀಡಿಂಗಿನಿಂದ ಅದನ್ನು ಕಳೆದು ಉಳಿದದ್ದನ್ನು ಕೂಲಿಂಗಿಗೂ ಪ್ರೊಸೆಸ್ಸಿಗೂ, ಅಂದರೆ ತಯಾರಿಕೆಯ ಕೆಲಸಕ್ಕೂ, ಅಂದಾಜಿನಲ್ಲಿ ಹಂಚುತ್ತಿದ್ದೆ. ಪುಸ್ತಕದ ಅಂಕಿಯನ್ನು ಕಾರ್ಖಾನೆಯ ಅಳತೆ ಅಂತ ಬರೆದುಕೊಟ್ಟೆ. ಅದು ಕಟ್ಟಡ ಕಟ್ಟುವಾಗ ಟ್ಯಾಂಕ್ ಎಷ್ಟು ದೊಡ್ಡದಿರಬೇಕು ಅಂತ ಲೆಕ್ಕ ಹಾಕುವ ಅಂಕಿ, ಯಾರು ಎಷ್ಟು ಬಳಸಿದರು ಅಂತ ಹೇಳುವ ಅಂಕಿ ಅಲ್ಲ. ಯಾರೂ ಕೇಳಲಿಲ್ಲ.

2017ರ ಜುಲೈನಲ್ಲಿ ಜಿಎಸ್‌ಟಿ ಬಂತು. ಅದರ ಜೊತೆ ಹಲವು ಸೆಸ್‌ಗಳು ಹೋದವು, ಇದೂ ಹೋಯಿತು. ಪೈಸೆ ಹೋದದ್ದಕ್ಕೆ ನನಗೆ ಬೇಸರವಿಲ್ಲ. ಪೈಸೆಯ ಜೊತೆ ಅಳತೆಯೂ ಹೋಯಿತು, ಬೇಸರ ಅದಕ್ಕೆ. ಮಗುವಿನ ಸ್ನಾನದ ನೀರು ಚೆಲ್ಲುವಾಗ ನಮ್ಮಜ್ಜಿ ಬಚ್ಚಲಲ್ಲಿ ಬೆಳ್ಳಿ ಉಡಿದಾರ ಬಿದ್ದಿದೆಯಾ ಅಂತ ಒಮ್ಮೆ ಕೈಯಾಡಿಸಿ ನೋಡುತ್ತಿದ್ದರು. ಈ ಕಾಯಿದೆ ತೆಗೆದಾಗ ಯಾರೂ ಕೈಯಾಡಿಸಿ ನೋಡಿದ ಹಾಗಿಲ್ಲ.

ಪೂರ್ತಿ ಹೋಗಿಲ್ಲ ಅನ್ನಿ. ಮಾಲಿನ್ಯ ನಿಯಂತ್ರಣ ಮಂಡಳಿಗೆ ವರ್ಷಕ್ಕೊಮ್ಮೆ, ಸೆಪ್ಟೆಂಬರ್ ಕೊನೆಯೊಳಗೆ, ಪರಿಸರ ಹೇಳಿಕೆ ಅಂತ ಒಂದು ಫಾರಂ ಕೊಡುತ್ತ ಬಂದಿದ್ದೇವೆ. ಅದರಲ್ಲಿ ದಿನದ ನೀರಿನ ಬಳಕೆಗೆ ಮೂರು ಸಾಲು ಇವೆ: ಪ್ರೊಸೆಸ್, ಕೂಲಿಂಗ್, ಮನೆಬಳಕೆ. ನೋಡಿದಿರಾ, ನಾನು ಕೇಳುತ್ತಿರುವ ಕಾಲಮ್ಮುಗಳು ಸರ್ಕಾರದ ಕಾಗದದಲ್ಲೇ ಇವೆ! ಆದರೆ ಅದನ್ನು ತುಂಬುವವರು ನನ್ನಂಥವರು, ತುಂಬುವ ರೀತಿ ಮೇಲೆ ಹೇಳಿದ್ದೇ. ನೀರಿನ ಬಿಲ್ ಬರೆಯುವ ಕಚೇರಿ ಆ ಫಾರಂ ನೋಡುವುದಿಲ್ಲ. ಫಾರಂ ತೆಗೆದುಕೊಳ್ಳುವ ಮಂಡಳಿ ನೀರಿನ ಬಿಲ್ ನೋಡುವುದಿಲ್ಲ. ಎರಡನ್ನೂ ಒಂದು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರೆ ಎಷ್ಟೋ ಕಾರ್ಖಾನೆಗಳ ಲೆಕ್ಕ ಒಂದಕ್ಕೊಂದು ತಾಳೆಯಾಗುವುದಿಲ್ಲ ಅಂತ ನಾನು ಪಂಥ ಕಟ್ಟುತ್ತೇನೆ. ನಮ್ಮದು ಆಗುತ್ತಿರಲಿಲ್ಲ.

ಈಗ ಬೆಂಗಳೂರಿನ ವಿಷಯ ಒಂದು ಸ್ವಲ್ಪ. ರಾಜ್ಯದ ಕಾರ್ಖಾನೆಗಳ ಮಾತು ಬಂದರೆ ಅದನ್ನು ಬಿಟ್ಟು ಹೋಗುವ ಹಾಗಿಲ್ಲ. ಅಲ್ಲಿಗೆ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಬರುತ್ತದೆ. ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಮೆಟ್ಟಿಲು ಹತ್ತಿಸಬೇಕು. ಸಾವಿರ ಲೀಟರ್ ನೀರನ್ನು 500 ಮೀಟರ್ ಎತ್ತಲು, ಪಂಪು ಒಂದು ಚೂರೂ ನಷ್ಟ ಮಾಡದಿದ್ದರೂ, 1.36 ಯೂನಿಟ್ ಕರೆಂಟ್ ಬೇಕು. ನಷ್ಟ ಸೇರಿಸಿದರೆ ಎರಡು ಯೂನಿಟ್ಟಿನ ಹತ್ತಿರ. ಹಾಗೆ ಏದುಸಿರು ಬಿಡುತ್ತ ಬಂದ ನೀರು ಕೂಲಿಂಗ್ ಟವರಿನ ಮೇಲಿನಿಂದ ಆವಿಯಾಗಿ ಆಕಾಶಕ್ಕೆ ಹೋದರೆ ಹೇಗಿರುತ್ತದೆ? ತಂಪು ಮಾಡುವ ಯಂತ್ರ, ಅಂದರೆ 100 ಟನ್ ಸಾಮರ್ಥ್ಯದ ಒಂದು ಚಿಲ್ಲರ್, ಪೂರ್ತಿ ಲೋಡಿನಲ್ಲಿ 16 ಗಂಟೆ ಓಡಿದರೆ ಅದರ ಟವರಿನಿಂದ ಸುಮಾರು 10 ಸಾವಿರ ಲೀಟರ್ ಆವಿಯಾಗುತ್ತದೆ. ತೊಟ್ಟಿಯಲ್ಲಿ ಉಪ್ಪು ಜಾಸ್ತಿಯಾಗದಂತೆ ಆಗಾಗ ಹೊರಗೆ ಬಿಡುವ ನೀರು ಬೇರೆ.

ಕಾರ್ಖಾನೆಯವರು ಬೇಕಂತಲೇ ಹೀಗೆ ಮಾಡುವುದಿಲ್ಲ. ಬೋರ್‌ವೆಲ್ ನೀರು ಗಡಸು. ಟವರಿನಲ್ಲಿ, ಬಾಯ್ಲರಿನ ಕೊಳವೆಯಲ್ಲಿ ಸುಣ್ಣ ಕಟ್ಟುತ್ತದೆ. ನದಿ ನೀರು ಮೆದು, ಅದನ್ನು ಹಾಕಿದರೆ ಗಡಸು ತೆಗೆಯುವ ಸಾಫ್ಟ್‌ನರ್ ಖರ್ಚು ಉಳಿಯುತ್ತದೆ. ಮೇಂಟೆನೆನ್ಸ್‌ನವರ ಮನಸ್ಸು ಸಹಜವಾಗಿ ನದಿ ನೀರಿನ ಕಡೆಗೇ ಹರಿಯುತ್ತದೆ. ಕುಡಿಯುವವರಿಗೆ ಬೋರ್ ನೀರನ್ನು ಆರ್‌ಒಗೆ ಹಾಕಿ ಕೊಡುತ್ತಾರೆ, ಟವರಿಗೆ ನದಿ ನೀರು! ಉಲ್ಟಾ ಆಯಿತು ಅಂತ ನಿಮಗೆ ಅನ್ನಿಸುತ್ತದೆ. ನಮಗೂ ಅನ್ನಿಸುತ್ತದೆ, ಆದರೆ ಬಿಲ್ಲಿನಲ್ಲಿ ಅದು ಕಾಣುವುದಿಲ್ಲ. ಕೆಲವು ಕಡೆ ಬೋರ್ ನೀರನ್ನು ಕುಡಿಯಲು ಯೋಚಿಸುವ ಹಾಗೂ ಇಲ್ಲ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಎಷ್ಟೋ ವರ್ಷದಿಂದ ವರದಿಗಳಲ್ಲಿದೆ. ಪ್ಲೇಟಿಂಗ್, ಅಂದರೆ ಲೋಹಕ್ಕೆ ಲೇಪ ಹಾಕುವ ಕೆಲಸದ ನೀರು ನೆಲಕ್ಕಿಳಿದದ್ದರ ಫಲ. ಅಂಥ ಕಡೆ ಪೈಪಿನಲ್ಲಿ ಬರುವ ಸಿಹಿನೀರು ಮೊದಲು ಜನರಿಗೆ, ಆಮೇಲೆ ಮಷೀನಿಗೆ ಅನ್ನುವುದಕ್ಕೆ ಯಾರ ತಕರಾರೂ ಇರಲಾರದು. ಆದರೆ ಗೇಟಿನ ಮೀಟರ್ ಒಂದೇ ಇದ್ದರೆ ಮೊದಲು ಯಾರಿಗೆ ಹೋಯಿತು ಅಂತ ನೋಡುವುದು ಹೇಗೆ?

2024ರ ಮಾರ್ಚ್ ನೆನಪಿದೆಯಲ್ಲ. ಬೆಂಗಳೂರಿನಲ್ಲಿ ಬೋರ್‌ಗಳು ಬತ್ತಿ, ಟ್ಯಾಂಕರಿಗೆ ಕ್ಯೂ ನಿಂತ ಬೇಸಿಗೆ. ಕಾರು ತೊಳೆಯಲು, ಗಿಡಕ್ಕೆ ಬಿಡಲು, ಕಟ್ಟಡ ಕಟ್ಟಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತು. ಆ ಹೊತ್ತಿಗೆ ಅದು ಬೇಕಾದ ಆದೇಶವೇ. ರಸ್ತೆಯಲ್ಲಿ ಕಾರು ತೊಳೆಯುವವರು ಕಣ್ಣಿಗೆ ಬೀಳುತ್ತಾರೆ. ಕಾಂಪೌಂಡಿನ ಒಳಗೆ ಯಾವ ನೀರು ಯಾವ ಗಿಡಕ್ಕೆ ಹೋಯಿತು ಅಂತ ಯಾರು ನೋಡುತ್ತಾರೆ? ದೊಡ್ಡ ಬಳಕೆದಾರರಿಗೆ ಕಡಿತ ಅಂತ ಹೇಳಿದರೂ ಅಷ್ಟೇ. ಗೇಟಿನಲ್ಲಿ ಕಡಿತ ಮಾಡಿದರೆ ಒಳಗೆ ಮೊದಲು ಒಣಗುವುದು ಯಾರ ನಲ್ಲಿ ಅಂತ ನಮ್ಮ ಕಾರ್ಖಾನೆಯ ಕಥೆ ಹೇಳಿದ್ದೇನೆ.

ಇನ್ನು ನಾನು ಕೇಳುತ್ತಿರುವುದು ಏನು ಅಂತ ಹೇಳುತ್ತೇನೆ.

ಗೇಟಿನ ಒಳಗೆ ಕಡೇಪಕ್ಷ ಮೂರು ಮೀಟರ್ ಕಡ್ಡಾಯ ಮಾಡಿ. ಜನರ ಲೈನು, ಅಂದರೆ ಕುಡಿಯುವುದು, ಕ್ಯಾಂಟೀನು, ಶೌಚಾಲಯ. ಕೂಲಿಂಗ್ ಮತ್ತು ಬಾಯ್ಲರ್ ಲೈನು. ಪ್ರೊಸೆಸ್ ಲೈನು. ಹುಲ್ಲಿಗೆ ಮೀಟರೇ ಬೇಡ, ಅಲ್ಲಿಗೆ ಸಿಹಿನೀರಿನ ಪೈಪನ್ನೇ ಕಿತ್ತುಹಾಕಿ. ಮೂರೂ ರೀಡಿಂಗ್ ಬಿಲ್ಲಿನ ಮೇಲೆ ಬೇರೆ ಬೇರೆ ಅಚ್ಚಾಗಲಿ. ಗೇಟಿನ ರೀಡಿಂಗಿಗೂ ಈ ಮೂರರ ಮೊತ್ತಕ್ಕೂ ಇರುವ ವ್ಯತ್ಯಾಸ ನಾಲ್ಕನೇ ಸಾಲಿನಲ್ಲಿ ಬರಲಿ. ನಮ್ಮ ಬಾಲ್ ಕಾಕ್ ಸಿಕ್ಕಿದ್ದು ಆ ನಾಲ್ಕನೇ ಸಾಲಿನಲ್ಲೇ.

ಜನರ ಲೈನಿಗೆ ದರ ಕಡಿಮೆ ಇರಲಿ. ಮನೆಯಲ್ಲಿ ಕುಡಿದರೆ ಮನೆ ದರ, ಅದೇ ಮನುಷ್ಯ ಕೆಲಸದ ಜಾಗದಲ್ಲಿ ಕುಡಿದರೆ ಕೈಗಾರಿಕೆ ದರ. ಬಳಕೆ ಏರಿದಂತೆ ದರವೂ ಏರುವ ಸ್ಲ್ಯಾಬ್ ಇರುವ ಕಡೆಯಂತೂ ಟವರಿನ ಜೊತೆ ಒಂದೇ ಮೀಟರಿನಲ್ಲಿ ಸೇರಿಕೊಂಡು, ಆ ಹೆಂಗಸಿನ ಬಾಟಲಿಯ ನೀರು ಎಲ್ಲಕ್ಕಿಂತ ಮೇಲಿನ ದರಕ್ಕೆ ಹೋಗಿ ಕೂರುತ್ತದೆ. ತಲೆಗೆ 45 ಲೀಟರ್ ತನಕ ಮನೆ ದರ ಕೊಡಿ. ಅದಕ್ಕೆ ಮೇಲ್ಪಟ್ಟರೆ ಕೈಗಾರಿಕೆ ದರ ಹಾಕಿ. ಹಾಗಂತ ಜನರ ಲೈನಿನಿಂದ ಕದ್ದು ಟವರಿಗೆ ಬೈಪಾಸ್ ಹಾಕುವವರು ಇರುತ್ತಾರೆ, ನಮ್ಮವರ ಬುದ್ಧಿ ನನಗೆ ಗೊತ್ತಿಲ್ಲದ್ದೇನಲ್ಲ. ಆ 45ರ ಮಿತಿಯೇ ಅವರನ್ನು ಹಿಡಿದುಕೊಡುತ್ತದೆ.

ಕೂಲಿಂಗಿಗೆ ದರ ಏರಿಸಿ, ಆದರೆ ಅದಕ್ಕೆ ಮೊದಲು ಶುದ್ಧೀಕರಿಸಿದ ನೀರು ಕೊಡಿ. ಬೆಂಗಳೂರಿನ ಒಳಚರಂಡಿ ನೀರನ್ನು ಶುದ್ಧ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಕಳಿಸುತ್ತಿದ್ದೀರಿ. ಅಷ್ಟು ದೂರದ ಕೆರೆಗೆ ಪೈಪ್ ಹಾಕಲು ಆಯಿತು, ಊರ ಪಕ್ಕದ ಕೈಗಾರಿಕಾ ಪ್ರದೇಶಗಳಿಗೆಲ್ಲ ಹಾಕಲು ಯಾಕೆ ಆಗಬಾರದು? ನೀರಿಲ್ಲದೆ ನಿಂತು ಆಮೇಲೆ ಬುದ್ಧಿ ಕಲಿಯುವುದು ದುಬಾರಿ. 2016ರ ಬೇಸಿಗೆಯಲ್ಲಿ ನೇತ್ರಾವತಿ ಸೊರಗಿದಾಗ ಮಂಗಳೂರಿನ ತೈಲ ಶುದ್ಧೀಕರಣಾಗಾರವೇ ಘಟಕಗಳನ್ನು ನಿಲ್ಲಿಸಬೇಕಾಯಿತು. ಆಮೇಲೆ ಅವರು ತಣ್ಣೀರುಬಾವಿಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಕಟ್ಟಿಕೊಂಡರು. ಎಲ್ಲರ ಪಕ್ಕದಲ್ಲೂ ಸಮುದ್ರ ಇರುವುದಿಲ್ಲ.

ಹಾಗೇ, ಆವಿಯಾದ ನೀರಿಗೂ ಚರಂಡಿ ಶುಲ್ಕ ಹಾಕುವುದನ್ನು ಬಿಡಿ. ನೀರಿನ ಬಿಲ್ಲಿನ ಮೇಲೆ ಇಷ್ಟು ಪಾಲು ಅಂತ ಒಳಚರಂಡಿ ಶುಲ್ಕ ಹಾಕುವಲ್ಲಿ, ಆಕಾಶಕ್ಕೆ ಹೋದ ನೀರಿಗೂ ನಾವು ಚರಂಡಿ ಬಾಡಿಗೆ ಕಟ್ಟುತ್ತೇವೆ. ಕೂಲಿಂಗಿಗೆ ಪ್ರತ್ಯೇಕ ಮೀಟರ್ ಇದ್ದರೆ ಆ ಅನ್ಯಾಯವೂ ಸರಿಹೋಗುತ್ತದೆ. ಮೀಟರ್ ಹಾಕಿಸಿಕೊಳ್ಳಲು ಕಾರ್ಖಾನೆಯವರಿಗೆ ಒಂದು ಆಸೆ ಬೇಕಲ್ಲ. ಇದೇ ಆ ಆಸೆ.

ಮೀಟರಿನ ಅಳತೆಯ ಬಗ್ಗೆ ಎರಡು ಮಾತು ಜಾಸ್ತಿ ಹೇಳುತ್ತೇನೆ, ನನ್ನ ಕಸುಬಿನ ಚಪಲ. ದೊಡ್ಡ ಕಾರ್ಖಾನೆ ಅಂದರೆ ದೊಡ್ಡ ಮೀಟರ್ ಅಂತ ನಿಮ್ಮವರು 100 ಎಂಎಂ ಮೀಟರ್ ಕೂರಿಸುತ್ತಾರೆ. ಆ ಅಳತೆಯ ಸಾಮಾನ್ಯ ಬಿ ದರ್ಜೆಯ ಮೀಟರ್ ಗಂಟೆಗೆ 60 ಸಾವಿರ ಲೀಟರ್ ಹರಿಯಲಿಕ್ಕೆ ಮಾಡಿದ್ದು. ಗಂಟೆಗೆ 1,800 ಲೀಟರಿಗಿಂತ ಕಡಿಮೆ ಹರಿದರೆ ಅದರ ಅಂಕಿಯನ್ನು ನಂಬುವ ಹಾಗಿಲ್ಲ. 1,800 ಲೀಟರ್ ಅಂದರೆ ನಿಮಿಷಕ್ಕೆ 30 ಲೀಟರ್, ಎರಡು ಕೊಡಕ್ಕಿಂತ ಸ್ವಲ್ಪ ಕಡಿಮೆ! ಸಂಪ್ ತುಂಬುತ್ತ ಬಂದಂತೆ ಬಾಲ್ ಕಾಕ್ ನಿಧಾನಕ್ಕೆ ಮುಚ್ಚುತ್ತದೆ, ನೀರು ಬೆರಳು ದಪ್ಪ ಹರಿಯುತ್ತದೆ. ದೊಡ್ಡ ಮೀಟರ್ ಅದನ್ನು ಕಂಡೂ ಕಾಣದ ಹಾಗೆ ಇರುತ್ತದೆ. ಆ ನೀರು ನಿಮಗೆ ನಷ್ಟ. ಇನ್ನೊಂದು ಕಡೆ, ದಿನ ಬಿಟ್ಟು ದಿನ ನೀರು ಬಿಡುವ ಊರುಗಳಲ್ಲಿ ಖಾಲಿ ಪೈಪಿನ ಗಾಳಿ ಮೊದಲು ಬರುತ್ತದೆ, ಮೀಟರ್ ಬುರ್ರೆಂದು ತಿರುಗುತ್ತದೆ. ಆ ಗಾಳಿಗೆ ನಾವು ದುಡ್ಡು ಕಟ್ಟುತ್ತೇವೆ. ದೊಡ್ಡದರ ಪಕ್ಕ ಸಣ್ಣದೊಂದು ಜೋಡಿಸಿದ ಜೋಡಿ ಮೀಟರ್ ಇದೆ, ಕಡಿಮೆ ಹರಿದರೆ ಸಣ್ಣದು ಓಡುತ್ತದೆ. ಮೀಟರಿಗೆ ಮೊದಲು ಗಾಳಿ ಬಿಡುವ ವಾಲ್ವ್ ಇದೆ. ಎರಡೂ ಅಂಗಡಿಯಲ್ಲಿ ಸಿಗುವ ಸಾಮಾನೇ, ಯಾವ ಸಂಶೋಧನೆಯೂ ಬೇಕಿಲ್ಲ. ಗುಂಡಿಯಿಂದ ಮೀಟರನ್ನು ಮೇಲೆ ತಂದರೆ ಇನ್ನೂ ಪುಣ್ಯ.

ಮೀಟರ್ ನಿಂತರೆ 15 ದಿನದಲ್ಲಿ ಬದಲಾಯಿಸಿ. ಆಗದಿದ್ದರೆ ಆವರೇಜ್ ಬಿಲ್ಲನ್ನು ತಿಂಗಳು ತಿಂಗಳು ಕಾಲುಭಾಗ ಏರಿಸುತ್ತ ಹೋಗಿ. ಆಮೇಲೆ ನೋಡಿ, ಮೀಟರ್ ನಿಂತಿದೆ ಅಂತ ಕಾರ್ಖಾನೆಯವರೇ ಓಡಿಬಂದು ಹೇಳುತ್ತಾರೆ. ಈ ಉಪಾಯವನ್ನು ನನ್ನ ಮ್ಯಾನೇಜರ್ ಓದಿದರೆ ನನಗೆ ಬೈಯುತ್ತಾರೆ.

ಶೆಡ್‌ಗಳ ವಿಷಯ ಉಳಿಯಿತು. ಸಣ್ಣ ಕೈಗಾರಿಕೆಯವರು ಒಂದೇ ಕಾಂಪೌಂಡಿನಲ್ಲಿ ಹತ್ತು ಹದಿನೈದು ಶೆಡ್ ಹಾಕಿಕೊಂಡಿರುತ್ತಾರೆ. ನೀರಿನ ಕನೆಕ್ಷನ್ ಒಂದು. ಬಿಲ್ ಬಂದರೆ ಚದರಡಿ ಲೆಕ್ಕದಲ್ಲಿ ಹಂಚುತ್ತಾರೆ. ನನ್ನ ಸ್ನೇಹಿತರೊಬ್ಬರು ಅಂಥ ಕಡೆ ಹೊಲಿಗೆ ಘಟಕ ನಡೆಸುತ್ತಾರೆ. ದೊಡ್ಡ ಶೆಡ್, 60 ಜನ ಹೆಣ್ಣುಮಕ್ಕಳು, ನೀರು ಬೇಕಾದದ್ದು ಕುಡಿಯಲು ಮತ್ತು ಶೌಚಾಲಯಕ್ಕೆ ಮಾತ್ರ. ಪಕ್ಕದ ಸಣ್ಣ ಶೆಡ್ಡಿನಲ್ಲಿ ಎಂಟು ಜನ, ಸಾಲಾಗಿ ಪ್ಲೇಟಿಂಗ್ ತೊಟ್ಟಿಗಳು, ದಿನವಿಡೀ ತೊಳೆಯುವ ನೀರು ಹರಿಯುತ್ತಲೇ ಇರುತ್ತದೆ. ಬಿಲ್ಲಿನ ದೊಡ್ಡ ಪಾಲು ಕಟ್ಟುವವರು ಹೊಲಿಗೆಯವರು. ಪ್ಲೇಟಿಂಗಿನವರಿಗೆ ನಲ್ಲಿ ನಿಲ್ಲಿಸುವ ಅಗತ್ಯವೇ ಕಾಣುವುದಿಲ್ಲ, ನಿಲ್ಲಿಸಿದರೂ ಅವರ ಪಾಲು ಇಳಿಯುವುದಿಲ್ಲವಲ್ಲ! ಶೆಡ್ಡಿಗೊಂದು ಮೀಟರ್ ಹಾಕಿ ಅಂತ ಸಂಘದ ಸಭೆಯಲ್ಲಿ ಇವರು ಕೇಳಿದರೆ, 'ಹೊಂದಿಕೊಂಡು ಹೋಗಿ' ಅನ್ನುತ್ತಾರಂತೆ. ಸಂಘಕ್ಕೆ ಬಿಟ್ಟರೆ ಇದು ಆಗುವುದಿಲ್ಲ. ಕನೆಕ್ಷನ್ ಕೊಡುವವರು ನೀವು, ನಿಯಮವೂ ನಿಮ್ಮಿಂದಲೇ ಬರಬೇಕು.

ಬೋರ್‌ವೆಲ್ಲಿಗೂ ಟ್ಯಾಂಕರಿಗೂ ಇದೇ ಲೆಕ್ಕ ಹಾಕಿ. ಪೈಪಿನ ನೀರಿಗೆ ಮಾತ್ರ ಅಳತೆ ಬಿಗಿ ಮಾಡಿದರೆ ಎಲ್ಲರೂ ರಾತ್ರೋರಾತ್ರಿ ಬೋರ್ ಕೊರೆಸುತ್ತಾರೆ. ಟ್ಯಾಂಕರಿನ ನೀರು ಸಂಪಿಗೆ ಬೀಳುವ ಬಾಯಲ್ಲೇ ಒಂದು ಮೀಟರ್ ಇರಲಿ. 'ಆರು ಸಾವಿರ ಲೀಟರ್' ಅಂತ ಬರುವ ಟ್ಯಾಂಕರಿನಲ್ಲಿ ನಿಜಕ್ಕೂ ಎಷ್ಟು ಇರುತ್ತದೆ ಅನ್ನುವುದೂ ಆಗ ಗೊತ್ತಾಗುತ್ತದೆ. ಅದನ್ನು ತಿಳಿಯುವ ಕುತೂಹಲ ನನಗೆ ಬಹಳ ದಿನದಿಂದ ಇದೆ.

ಕೊನೆಗೊಂದು ಸಣ್ಣ ಬೇಡಿಕೆ. ಜನರ ಲೈನಿನ ರೀಡಿಂಗನ್ನು ಪ್ರತಿ ತಿಂಗಳು ಕುಡಿಯುವ ನೀರಿನ ನಲ್ಲಿಯ ಪಕ್ಕ, ಕನ್ನಡದಲ್ಲಿ ಬರೆದು ಅಂಟಿಸಬೇಕು ಅಂತ ನಿಯಮ ಮಾಡಿ. 'ಕುಡಿಯುವ ನೀರು' ಅನ್ನುವ ಬೋರ್ಡ್ ಹೇಗೂ ಅಲ್ಲಿರುತ್ತದೆ, ಅದರ ಕೆಳಗೇ ಜಾಗ ಇದೆ. ನಾವು ಒಂದು ವರ್ಷದಿಂದ ಅಂಟಿಸುತ್ತಿದ್ದೇವೆ. ಮೊದಲ ಹಾಳೆಯನ್ನು ಆ ಹೆಂಗಸೇ ನನ್ನ ಕೈಯಿಂದ ತೆಗೆದುಕೊಂಡು ಅಂಟಿಸಿದರು. ಓದಿ, 'ಇಷ್ಟೇನಾ ಸಾರ್!' ಅಂದರು.

ನಮ್ಮಲ್ಲಿ ಹೇಗೆ ಮಾಡಿದ್ದೇವೆ ಅಂತ ನೋಡುವುದಿದ್ದರೆ ನಿಮ್ಮ ಎಂಜಿನಿಯರ್‌ಗಳನ್ನು ಕಳಿಸಿ, ಕಾರ್ಖಾನೆಯ ವಿಳಾಸವನ್ನು ಬೇರೆ ಕಾಗದದಲ್ಲಿ ಬರೆದು ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಒಳಗಿನ ಮೀಟರ್‌ಗಳನ್ನು ಎದೆಮಟ್ಟದಲ್ಲಿ ಕೂರಿಸಿದ್ದೇವೆ, ನಿಂತುಕೊಂಡೇ ಓದಬಹುದು. ಗೇಟಿನದು ಮಾತ್ರ ಇನ್ನೂ ಗುಂಡಿಯಲ್ಲೇ ಇದೆ. ಬರುವ ಹಿಂದಿನ ದಿನ ಒಂದು ಫೋನ್ ಮಾಡಿಸಿ, ಕಲ್ಲು ಎತ್ತಲು ಇಬ್ಬರನ್ನು ಹೇಳಿಟ್ಟಿರುತ್ತೇನೆ.

ಇಂತಿ,
ಒಬ್ಬ ಮೇಂಟೆನೆನ್ಸ್ ಸೂಪರ್‌ವೈಸರ್